ಗಾಳಿ ಬಿಡಿಸುವವರು

ಎರಡನೆಯ ಮಹಾಯುದ್ಧದ ವಿಮಾನಗಳ ಕಥೆ ಓದುತ್ತಿರುವ ಮದ್ದೂರಿನ ಓದುಗರೊಬ್ಬರು ‘ಗ್ರೆಮ್ಲಿನ್’ಗೆ ಕನ್ನಡ ಪದ ಕೇಳಿ ಬರೆದಿದ್ದಾರೆ. ‘ಯಂತ್ರಪಿಶಾಚಿ’ ಆಗಬಹುದೇ ಎಂಬ ಸಲಹೆಯೂ ಜೊತೆಗಿದೆ. ದಯವಿಟ್ಟು ಬೇಡ. ಮಂಡ್ಯ ಸೀಮೆಯವರು ಇದಕ್ಕಾಗಿ ಸಂಸ್ಕೃತದ ಅಂಗಡಿಯಲ್ಲಿ ಸಾಲ ಹೇಳಬೇಕಾಗಿಲ್ಲ. ನಮ್ಮಲ್ಲಿ ‘ಗಾಳಿ’ ಇದೆ. ಬ್ರಿಟನ್ನಿನ ವಾಯುಪಡೆಯವರು ಕಾರಣ ಸಿಗದ ದೋಷವನ್ನೆಲ್ಲ ಗ್ರೆಮ್ಲಿನ್ ಎಂಬ ಕುಳ್ಳ ಭೂತದ ತಲೆಗೆ ಕಟ್ಟುತ್ತಿದ್ದರು. ಆ ಪಡೆಯಲ್ಲೇ ಪೈಲಟ್ ಆಗಿದ್ದ ರೋಆಲ್ಡ್ ಡಾಲ್ 1943ರಲ್ಲಿ ಅದನ್ನು ಮಕ್ಕಳ ಪುಸ್ತಕಕ್ಕೆ ತಂದರು. ಮಟಮಟ ಮಧ್ಯಾಹ್ನ ಹುಣಸೆಮರದಡಿ ಹಾದುಬಂದು ಮಂಕಾಗಿ ಕೂತವರನ್ನು ಮಳವಳ್ಳಿ ಕಡೆ ‘ಗಾಳಿ ಮೆಟ್ಕಂಡೈತೆ’ ಅನ್ನುತ್ತಾರಲ್ಲ, ಆ ಗಾಳಿಯೂ ಈ ಗ್ರೆಮ್ಲಿನ್ನೂ ಒಂದೇ ಕುಲದವು ಎಂದು ನನ್ನ ವಾದ.

ಪುರಾವೆ ವಿಮಾನದ ದಾಖಲೆ ಪುಸ್ತಕದಲ್ಲೇ ಇದೆ. ಹಾರಿ ಬಂದ ಪೈಲಟ್ ತಾನು ಕಂಡ ದೋಷವನ್ನು, ನಮ್ಮ ವಾಯುಪಡೆಯ ಮಾತಿನಲ್ಲಿ ‘ಸ್ನ್ಯಾಗ್’ ಅನ್ನು, ಬರೆದಿಡುತ್ತಾನೆ. ಮೆಕ್ಯಾನಿಕ್ ನೋಡಿ, ಮಾಡಿದ್ದನ್ನು ಬರೆದು ಸಹಿ ಹಾಕುತ್ತಾನೆ. ಮೇಲೆ ಗಡಗಡ ನಡುಗಿದ ಇಂಜಿನ್ ಕೆಳಗೆ ಚಾಲೂ ಮಾಡಿದರೆ ಹಾಲು ಕುಡಿದ ಮಗುವಿನಂತೆ ಸುಮ್ಮನಿರುತ್ತದೆ. ‘ನೆಲದಲ್ಲಿ ಪರೀಕ್ಷಿಸಿದೆ, ಸರಿಯಿದೆ’ ಎಂದು ಬರೆಯದೆ ಅವನಾದರೂ ಏನು ಮಾಡಿಯಾನು? ಪೈಲಟ್ ಸುಳ್ಳು ಹೇಳಿದ ಎನ್ನುವಂತಿಲ್ಲ, ತನಗೆ ಕೆಲಸ ಬರದು ಎಂದು ಒಪ್ಪುವಂತೆಯೂ ಇಲ್ಲ. ಇಬ್ಬರ ಮಾನವೂ ಉಳಿಯಬೇಕಾದರೆ ನಡುವೆ ಮೂರನೆಯವನೊಬ್ಬ ಬೇಕು. ಊರಲ್ಲಿ ಅತ್ತೆ ಸೊಸೆಯರ ನಡುವೆ ಗಾಳಿ ಮಾಡುವ ಕೆಲಸವೂ ಇದೇ. ಆಸ್ಪತ್ರೆಗೆ ಕರೆದೊಯ್ದರೆ ಏನೂ ಇಲ್ಲ, ಮನೆಗೆ ಬಂದರೆ ಮತ್ತೆ ಶುರು.

ಗಾಳಿಯದು ಭಯ, ಗ್ರೆಮ್ಲಿನ್ನದು ತಮಾಷೆ, ಎರಡನ್ನೂ ಒಂದೇ ಗಾಡಿಗೆ ಹೂಡಬಹುದೇ ಎಂಬ ಆಕ್ಷೇಪ ಏಳುತ್ತದೆ. ಗಾಳಿ ಬಿಡಿಸುವಾಗ ಬೇವಿನ ಸೊಪ್ಪಿನ ಏಟಿನಷ್ಟೇ ಚೌಕಾಸಿಯೂ ಇರುತ್ತದೆ: ಗಾಳಿ ಕೋಳಿ ಕೇಳುತ್ತದೆ, ಬಿಡಿಸುವವರು ಮೊಟ್ಟೆಗೆ ಇಳಿಸುತ್ತಾರೆ, ಸುತ್ತ ನಿಂತವರು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ. ವಿಮಾನದವರ ತಮಾಷೆಯಲ್ಲೂ ಭಯ ಕಡಿಮೆಯಿಲ್ಲ. ತಾನು ಬಿಗಿದ ನಟ್ಟಿನ ಮೇಲೆ ಇನ್ನೊಬ್ಬನ ಜೀವ ನಿಂತಿದೆ ಎಂದು ಬಲ್ಲವನ ನಗೆ ಅದು. ಇದರಿಂದ ಸೋಮಾರಿತನಕ್ಕೆ ನೆಪ ಸಿಕ್ಕೀತು ಎಂಬ ಇನ್ನೊಂದು ಮಾತೂ ಇದೆ. ಗ್ರೆಮ್ಲಿನ್ ಸಹಿ ಹಾಕುವುದಿಲ್ಲವಲ್ಲ, ಸಹಿ ಮೆಕ್ಯಾನಿಕ್ಕಿನದೇ.

ಪದಕ್ಕೇ ಮರಳೋಣ. ‘ಗಾಳಿ ಬಂದಾಗ ತೂರಿಕೋ’ ಗಾದೆಯನ್ನು ಈಗ ರಾಜಕಾರಣಿಗಳ ಅವಕಾಶವಾದಕ್ಕೆ ಮೀಸಲಿಟ್ಟಿರುವುದು ನನಗೆ ಸೇರದು. ಅದು ಕಣದ ಗಾದೆ. ರಾಗಿ ತುಂಬಿದ ಮೊರವನ್ನು ತಲೆಯ ಮೇಲಕ್ಕೆ ಎತ್ತಿ ನಿಂತವನಿಗೆ ಗಾಳಿ ಬಾರದಿದ್ದರೆ ತೋಳು ಸೋಲುತ್ತದೆ, ಜೋರಾಗಿ ಬಂದರೆ ಹೊಟ್ಟಿನ ಜೊತೆ ಕಾಳೂ ಹೋಗುತ್ತದೆ, ದಿಕ್ಕು ತಿರುಗಿದರೆ ಹೊಟ್ಟೆಲ್ಲ ಕಣ್ಣಿಗೆ. ಕಾಳು ಬೇರೆ ಮಾಡಿಕೊಡುವುದಕ್ಕೂ ಮೈಮೇಲೆ ಬರುವುದಕ್ಕೂ ನಮ್ಮವರು ಒಂದೇ ಹೆಸರಿಟ್ಟದ್ದು ಕಣದಲ್ಲೇ ಎಂದು ನನ್ನ ಊಹೆ. ಪಂಡಿತರು ಒಪ್ಪದಿದ್ದರೂ ಚಿಂತೆಯಿಲ್ಲ. ಗಾಳಿಯನ್ನೇ ನಂಬಿ ಹಾರುವ ವಿಮಾನದವರಿಗೆ ಇದಕ್ಕಿಂತ ಒಪ್ಪುವ ಪದ ಎಲ್ಲಿದೆ?

ಮಂಡ್ಯಕ್ಕೂ ವಿಮಾನಕ್ಕೂ ಏನು ಸಂಬಂಧ ಎನ್ನುವವರಿಗೆ: ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಕರೆಂಟು 1905ರಲ್ಲೇ ಬೆಂಗಳೂರು ಮುಟ್ಟಿತ್ತು. ಅದೇ ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. 1943ರ ಹೊತ್ತಿಗೆ ಅದು ಅಮೆರಿಕದ ಸೇನಾ ವಿಮಾನಗಳ ರಿಪೇರಿ ಕೇಂದ್ರ. ಅಂಥ ರಿಪೇರಿಗಳಲ್ಲಿ ಒಂದನ್ನು ನೋಡಿ: ವಿಮಾನದ ಹೈಡ್ರಾಲಿಕ್ ಬ್ರೇಕಿನ ಕೊಳವೆಗೆ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗುತ್ತದೆ. ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಎಣ್ಣೆ ಹರಿಸಬೇಕು. ಅಪ್ಪಟ ಗಾಳಿ ಬಿಡಿಸುವ ಕೆಲಸ! ಡೀಸೆಲ್ ಪಂಪಿನಲ್ಲೂ ಅದೇ ರೋಗ, ಅದೇ ಮದ್ದು. ಆದರೆ ನಮ್ಮ ಹುಡುಗರಿಗೆ ಅದು ‘ಏರ್ ಹಿಡ್ಕಂಡೈತೆ’. ಇನ್ನೂ ಓದಿದವರಿಗೆ ‘ಟೆಕ್ನಿಕಲ್ ಇಶ್ಯೂ’. ಕೋಳಿ ಕೇಳುವಷ್ಟು ಜೀವವಾದರೂ ಅದರಲ್ಲಿ ಇದೆಯೇ?