ಗಾಳಿಯಲ್ಲಿ ಸರದಿ



ಇದು 2008ರ ಮಾತು. ಶಾಲೆಯ ಹಳೆಯ ಸಮೂಹಚಿತ್ರಗಳನ್ನೂ ವಾರ್ಷಿಕೋತ್ಸವಗಳ ಫೋಟೋಗಳನ್ನೂ ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೆ. ಒಟ್ಟು ಸುಮಾರು 40 ಗಿಗಾಬೈಟ್. ಮನೆಯವರೆಲ್ಲರೂ ಯಾವ ಕೋಣೆಯಿಂದಲಾದರೂ ಅವನ್ನು ನೋಡುವಂತಾಗಲೆಂದು, ಜಾಲಕ್ಕೆ ಜೋಡಿಸುವ ಹಾರ್ಡ್ ಡಿಸ್ಕ್ ಪೆಟ್ಟಿಗೆಯೊಂದನ್ನು ಕೊಂಡೆ. ಗೋಡೆಯುದ್ದಕ್ಕೂ ತಂತಿ ಎಳೆಯುವುದು ಬೇಡವೆಂದು ಅದಕ್ಕೂ ಒಂದು ನಿಸ್ತಂತು ಅಡಾಪ್ಟರ್ ತಗುಲಿಸಿದ್ದಾಯಿತು. ವೈಫೈ ರೌಟರಿನ ಮೇಲೆ ಸೆಕೆಂಡಿಗೆ 54 ಮೆಗಾಬಿಟ್ ಎಂದು ಅಚ್ಚಾಗಿತ್ತು. ಎಂಟು ಬಿಟ್ಟಿಗೆ ಒಂದು ಬೈಟ್. ಆ ಲೆಕ್ಕದಲ್ಲಿ ಎರಡು ಗಂಟೆಯೊಳಗೆ ಎಲ್ಲ ಚಿತ್ರಗಳೂ ಪೆಟ್ಟಿಗೆ ಸೇರಬೇಕಿತ್ತು. ರಾತ್ರಿ ಒಂಬತ್ತಕ್ಕೆ ಆರಂಭಿಸಿದ್ದು ಬೆಳಗಿನ ಆರಾದರೂ ಮುಗಿದಿರಲಿಲ್ಲ.

ಪೆಟ್ಟಿಗೆಯನ್ನು ಹಿಡಿದು ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. "ಸರ್, ಪೆಟ್ಟಿಗೆಯಲ್ಲಿ ದೋಷವಿಲ್ಲ, ವೈಫೈ ಇರುವುದೇ ಹಾಗೆ" ಎಂದ. "ತೂಕದಲ್ಲಿ ಹೊಡೆಯುವುದನ್ನು ನಾನು ನಿನಗೆ ಕಲಿಸಿರಲಿಲ್ಲ" ಎಂದು ನಾಲ್ಕು ಗಿರಾಕಿಗಳ ಎದುರಿನಲ್ಲೇ ಅಂದುಬಿಟ್ಟೆ. ಅವನು ಮರುಮಾತಾಡದೆ ಹಣ ಹಿಂದಿರುಗಿಸಿದ. ಆ ಮೇಲೆ ಈ ವಿಷಯವನ್ನು ಕುರಿತು ಓದುತ್ತ ಹೋದಂತೆ, ತೂಕ ತಪ್ಪಿದ್ದು ಅವನ ತಕ್ಕಡಿಯಲ್ಲಲ್ಲ, ನನ್ನ ಲೆಕ್ಕದಲ್ಲಿ ಎಂಬುದು ತಿಳಿಯಿತು. ಆ ಕಥೆ ಹವಾಯಿ ದ್ವೀಪಗಳಿಂದ ಆರಂಭವಾಗುತ್ತದೆ.

ಹವಾಯಿ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರ್ ಓಆಹು ದ್ವೀಪದಲ್ಲಿತ್ತು. ಇತರ ಕಾಲೇಜುಗಳು ಬೇರೆ ಬೇರೆ ಕಡೆ, ಬೇರೆ ಬೇರೆ ದ್ವೀಪಗಳಲ್ಲಿ ಹರಡಿಕೊಂಡಿದ್ದವು. ದೂರವಾಣಿ ತಂತಿಗಳನ್ನು ನೆಚ್ಚುವ ಬದಲು ರೇಡಿಯೋ ಅಲೆಗಳ ಮೂಲಕವೇ ಸಂಪರ್ಕ ಏರ್ಪಡಿಸಲು ಪ್ರಾಧ್ಯಾಪಕ ನಾರ್ಮನ್ ಅಬ್ರಾಂಸನ್ ಮತ್ತು ಸಂಗಡಿಗರು ತೊಡಗಿದರು. 1971ರಲ್ಲಿ ಕೆಲಸ ಆರಂಭಿಸಿದ ಆ ಜಾಲಕ್ಕೆ ಅಲೋಹಾ ಎಂದು ಹೆಸರು.

ಎಲ್ಲ ಕೇಂದ್ರಗಳಿಗೂ ಕಳುಹಿಸಲು ಇದ್ದದ್ದು ಒಂದೇ ರೇಡಿಯೋ ದಾರಿ. ಅದರ ನಿಯಮ ಅತ್ಯಂತ ಸರಳ. ಹೇಳಬೇಕಾದದ್ದು ಇದ್ದವನು ಕೂಡಲೇ ಹೇಳಿಬಿಡಬೇಕು. ಇಬ್ಬರು ಒಟ್ಟಿಗೆ ಮಾತನಾಡಿದರೆ ಎರಡೂ ಮಾತು ಕೆಡುತ್ತವೆ. "ತಲುಪಿತು" ಎಂಬ ಉತ್ತರ ಬಾರದಿದ್ದರೆ, ಪ್ರತಿಯೊಬ್ಬನೂ ಗೊತ್ತುಗುರಿಯಿಲ್ಲದ ಒಂದಿಷ್ಟು ಕಾಲ ಸುಮ್ಮನಿದ್ದು ಮತ್ತೆ ಹೇಳಬೇಕು. ಅಧ್ಯಾಪಕರಿಲ್ಲದ ತರಗತಿಯನ್ನು ನೆನೆದುಕೊಳ್ಳಿ. ಹೀಗೆ ನಡೆದರೆ ದಾರಿಯ ಶಕ್ತಿಯಲ್ಲಿ ಹೆಚ್ಚೆಂದರೆ ಶೇಕಡ 18.4ರಷ್ಟು ಮಾತ್ರ ಪ್ರಯೋಜನಕ್ಕೆ ಬರುತ್ತದೆಂದು ಅಬ್ರಾಂಸನ್ 1970ರಲ್ಲೇ ಗಣಿತದಿಂದ ತೋರಿಸಿದರು. ಸೆಕೆಂಡಿಗೆ 9600 ಬಿಟ್ ಸಾಗುವ ದಾರಿಯಲ್ಲಿ ಎಲ್ಲರಿಗೂ ಸೇರಿ ಸಿಗುವುದು ಸುಮಾರು 1770 ಬಿಟ್! ಗಂಟೆ ಹೊಡೆದಾಗ ಮಾತ್ರ ಮಾತು ಆರಂಭಿಸಬೇಕೆಂಬ ತಿದ್ದುಪಡಿಯನ್ನು ಲಾರೆನ್ಸ್ ರಾಬರ್ಟ್ಸ್ 1972ರಲ್ಲಿ ಸೂಚಿಸಿದರು. ಅದರಿಂದ ಈ ಮಿತಿ ಇಮ್ಮಡಿಯಾಗಿ 36.8ಕ್ಕೆ ಏರಿತು.

ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾಲಯದಲ್ಲಿದ್ದ ರಾಬರ್ಟ್ ಮೆಟ್ಕಾಫ್ ಅಬ್ರಾಂಸನ್ನರ ಲೇಖನವನ್ನು ಓದಿದ್ದರು. 1973ರಲ್ಲಿ ಅವರು ಅದೇ ವಿಚಾರವನ್ನು ತಂತಿಗೆ ತಂದು ಈಥರ್ನೆಟ್ ರೂಪಿಸಿದರು. ಮಾತನಾಡುವ ಮೊದಲು ಕಿವಿಗೊಡು, ಮಾತನಾಡುತ್ತಿರುವಾಗಲೂ ಕಿವಿಗೊಡು, ಇನ್ನೊಬ್ಬರ ದನಿ ಬೆರೆತರೆ ಕೂಡಲೇ ನಿಲ್ಲಿಸು. ತಂತಿಯಲ್ಲಿ ಇದು ಸಾಧ್ಯ. ಇದರಿಂದ ವ್ಯರ್ಥವಾಗುವ ಕಾಲ ಬಹಳ ಕಡಿಮೆಯಾಯಿತು.

ಕಡತಗಳನ್ನು ದೂರದ ಡಿಸ್ಕಿನಲ್ಲಿಟ್ಟು ಎಲ್ಲರೂ ಬಳಸುವ ಪದ್ಧತಿ ಬೆಳೆದದ್ದು ಇಂಥ ತಂತಿಗಳ ಮೇಲೆ. ಸನ್ ಸಂಸ್ಥೆ 1984ರಲ್ಲಿ ಇದಕ್ಕಾಗಿ ಎನ್‌ಎಫ್‌ಎಸ್ ಎಂಬ ವ್ಯವಸ್ಥೆಯನ್ನು ರಚಿಸಿತು. ಆಸ್ಟ್ರೇಲಿಯಾದ ಆಂಡ್ರೂ ಟ್ರಿಡ್ಜೆಲ್ 1992ರಲ್ಲಿ, ಮುಂದೆ ಸಾಂಬಾ ಎಂದು ಹೆಸರಾದ ತಂತ್ರಾಂಶವನ್ನು ಹೊರತಂದರು. ಮನೆಬಳಕೆಯ ಎಷ್ಟೋ ಡಿಸ್ಕ್ ಪೆಟ್ಟಿಗೆಗಳೊಳಗೆ ಲಿನಕ್ಸ್ ಜೊತೆ ಕೆಲಸ ಮಾಡುವುದು ಸಾಂಬಾವೇ. ಇವುಗಳ ಸ್ವಭಾವ ಸ್ವಲ್ಪ ವಾಚಾಳಿ. ಒಂದು ಕಡತ ಬರೆಯಬೇಕಾದರೆ ತೆರೆಯಲೇ, ಹೆಸರೇನು, ಗಾತ್ರವೆಷ್ಟು, ಮುಚ್ಚಲೇ ಎಂದು ಹಲವು ಪ್ರಶ್ನೋತ್ತರಗಳು ನಡೆಯುತ್ತವೆ. ತಂತಿಯ ಮೇಲೆ ಅದರ ಭಾರ ಅಷ್ಟಾಗಿ ತಿಳಿಯುವುದಿಲ್ಲ.

ಇತ್ತ ಅಮೆರಿಕವು 1985ರಲ್ಲಿ ಕೆಲವು ರೇಡಿಯೋ ತರಂಗಪಟ್ಟಿಗಳನ್ನು ಪರವಾನಗಿಯಿಲ್ಲದೆ ಬಳಸಲು ಅವಕಾಶ ಕೊಟ್ಟಿತು. 1997ರಲ್ಲಿ 802.11 ಎಂಬ ನಿಸ್ತಂತು ಮಾನಕ ಬಂದಿತು. ವೇಗ ಸೆಕೆಂಡಿಗೆ 2 ಮೆಗಾಬಿಟ್. 1999ರಲ್ಲಿ ಅದು 11 ಆಯಿತು. 2003ರಲ್ಲಿ ನಮ್ಮ ಮನೆಯ ರೌಟರಿನ ಬಗೆಯದು, 54.

ಆದರೆ ಗಾಳಿಯಲ್ಲಿ ಮೆಟ್ಕಾಫರ ಉಪಾಯ ನಡೆಯದು. ಮಾತನಾಡುತ್ತಿರುವ ರೇಡಿಯೋಗೆ ತನ್ನ ದನಿಯ ಅಬ್ಬರದಲ್ಲಿ ದೂರದ ಇನ್ನೊಬ್ಬನ ದನಿ ಕೇಳಿಸದು. ಆದ್ದರಿಂದ ವೈಫೈ ಮುಂಜಾಗ್ರತೆಯ ದಾರಿ ಹಿಡಿಯಿತು. ಗಾಳಿ ನಿಶ್ಶಬ್ದವಾದ ಮೇಲೂ ಸ್ವಲ್ಪ ಕಾಯಬೇಕು. ಹೇಳಿದ್ದಕ್ಕೆಲ್ಲ "ತಲುಪಿತು" ಎಂಬ ಉತ್ತರ ಪಡೆಯಬೇಕು. ಬಾರದಿದ್ದರೆ ಮತ್ತೆ ಹೇಳಬೇಕು. ಈ ಮರ್ಯಾದೆಗಳಿಗೇ ಅರ್ಧಕ್ಕಿಂತ ಹೆಚ್ಚು ಕಾಲ ಸಲ್ಲುತ್ತದೆ. 11ರಲ್ಲಿ ನಿಜವಾಗಿ ಕೈಗೆ ಸಿಗುತ್ತಿದ್ದುದು 5 ಅಥವಾ 6. 54ರಲ್ಲಿ 20ರಿಂದ 25. ಅಚ್ಚಾದ ಅಂಕಿ ಸುಳ್ಳಲ್ಲ. ಅದು ಒಂದು ಮಾತನ್ನು ಆಡುವ ವೇಗ, ಸಂಭಾಷಣೆ ಸಾಗುವ ವೇಗವಲ್ಲ.

ಇನ್ನೊಂದು ಸಂಗತಿಯಿದೆ. ದೂರದ ಕೋಣೆಯಲ್ಲಿರುವ ಯಂತ್ರ ನಿಧಾನವಾಗಿ ಮಾತನಾಡಬೇಕಾಗುತ್ತದೆ. ಎಲ್ಲರಿಗೂ ಸಮನಾದ ಸರದಿ ಇರುವುದರಿಂದ ಆ ಒಬ್ಬನ ನಿಧಾನ ಎಲ್ಲರನ್ನೂ ನಿಧಾನಿಸುತ್ತದೆ. ಫ್ರಾನ್ಸಿನ ಗ್ರೆನೋಬಲ್ ನಗರದ ಸಂಶೋಧಕರು 2003ರಲ್ಲಿ ಇದನ್ನು ವಿವರಿಸಿ ತೋರಿಸಿದರು.

ಈಗ ನನ್ನ ಲೆಕ್ಕಕ್ಕೆ ಬರೋಣ. 54 ಎಂಬುದು 22 ಎಂದುಕೊಳ್ಳಿ. ಕಂಪ್ಯೂಟರಿನಿಂದ ರೌಟರಿಗೆ ಒಮ್ಮೆ, ರೌಟರಿನಿಂದ ಪೆಟ್ಟಿಗೆಗೆ ಇನ್ನೊಮ್ಮೆ, ಹೀಗೆ ಪ್ರತಿಯೊಂದು ಚಿತ್ರವೂ ಅದೇ ಗಾಳಿಯಲ್ಲಿ ಎರಡು ಸಲ ಸಾಗುತ್ತಿತ್ತು. ಉಳಿದದ್ದು 11, ಅಂದರೆ ಸೆಕೆಂಡಿಗೆ 1.4 ಮೆಗಾಬೈಟಿಗೂ ಕಡಿಮೆ. 40 ಗಿಗಾಬೈಟಿಗೆ ಎಂಟು ಗಂಟೆ. ಸಾವಿರಾರು ಚಿಕ್ಕ ಕಡತಗಳ ಪ್ರಶ್ನೋತ್ತರಗಳಿಗೆ ಇನ್ನೊಂದಿಷ್ಟು. ಮುಂದೆ ಅಂಥದೇ ಬೇರೊಂದು ಪೆಟ್ಟಿಗೆಯನ್ನು, ಕಂಪ್ಯೂಟರನ್ನೂ ಕೂಡ, 100 ಮೆಗಾಬಿಟ್ಟಿನ ತಂತಿಯಿಂದ ರೌಟರಿಗೆ ಜೋಡಿಸಿದಾಗ ಅದೇ ಚಿತ್ರಗಳು ಒಂದೂವರೆ ಗಂಟೆಯೊಳಗೆ ಸೇರಿದವು.

ಅಲ್ಲಿಂದೀಚೆಗೆ ವೈಫೈ ಬಹಳ ಬೆಳೆದಿದೆ. 2021ರ ಮಾನಕದಲ್ಲಿ ರೌಟರೇ ಅಧ್ಯಾಪಕನಂತೆ ಒಂದೇ ಅವಧಿಯನ್ನು ಹಲವು ಯಂತ್ರಗಳಿಗೆ ಹಂಚಿಕೊಡಬಲ್ಲದು. ಆದರೂ ಗಾಳಿ ಒಂದೇ, ಹಂಚಿಕೊಳ್ಳುವವರು ಹಲವರು. ಆದ್ದರಿಂದ ನಿಮ್ಮಲ್ಲಿ ಯಾರಾದರೂ ಮನೆಗೆ ಇಂಥ ಪೆಟ್ಟಿಗೆ ತಂದರೆ, ಅದನ್ನು ರೌಟರಿಗೆ ತಂತಿಯಿಂದಲೇ ಜೋಡಿಸಿ. ಮೊದಲ ದೊಡ್ಡ ಸಾಗಣೆಯನ್ನು ತಂತಿಯಲ್ಲೇ ಮುಗಿಸಿ. ಡಿಸ್ಕ್ ಎಂದಾದರೂ ಕೆಡುವುದೇ. ಇನ್ನೊಂದು ಪ್ರತಿ ಬೇರೆಡೆ ಇರಲಿ.

ಕೊನೆಗೆ ಒಂದು ಮಾತು. ನಲವತ್ತು ಮಕ್ಕಳ ತರಗತಿಯಲ್ಲಿ ಒಂದು ಗಂಟೆಯ ಪಾಠವೆಂದರೆ ಪ್ರತಿಯೊಬ್ಬರಿಗೂ ಒಂದು ಗಂಟೆ ಅಲ್ಲವೆಂದು ಬಲ್ಲವನು ನಾನು. ಅದೇ ಲೆಕ್ಕ ಗಾಳಿಗೂ ಅನ್ವಯಿಸುತ್ತದೆಂದು ಹೊಳೆಯಲಿಲ್ಲ. ಆ ವಿದ್ಯಾರ್ಥಿಯ ಅಂಗಡಿಗೆ ಹೋಗಿ ಕ್ಷಮೆ ಕೇಳಿದ್ದೇನೆ. "ಬಿಡಿ ಸರ್" ಎಂದು ನಕ್ಕು ಕಾಫಿ ತರಿಸಿದ. ಆದರೆ ನಾನು ಬೈದದ್ದು ನಾಲ್ವರ ಎದುರಿಗೆ, ಕ್ಷಮೆ ಕೇಳಿದ್ದು ಅವನೊಬ್ಬನೇ ಇದ್ದಾಗ. ಆ ಬಾಕಿ ಉಳಿದಿತ್ತು. ಇಂದು ನಿಮ್ಮೆಲ್ಲರ ಎದುರಿಗೆ ತೀರಿಸುತ್ತಿದ್ದೇನೆ.