ಬೆಸುಗೆಗೆ ಬೆಂಕಿಯ ಪರೀಕ್ಷೆ

ಬಹುಮಹಡಿ ಕಟ್ಟಡದೊಳಗೆ ಓಡಾಡುವಾಗ ಕಾಲಡಿಯ ನೆಲವನ್ನು ಹೊತ್ತಿರುವುದು ಯಾವುದೆಂದು ನಾವು ಯೋಚಿಸುವುದಿಲ್ಲ. ಅನೇಕ ಕಡೆ ಅದು ಉಕ್ಕು ಮತ್ತು ಕಾಂಕ್ರೀಟಿನ ಸಂಯುಕ್ತ ತೊಲೆ. ಉಕ್ಕು ಎಳೆತವನ್ನು ತಾಳಿಕೊಳ್ಳುತ್ತದೆ, ಕಾಂಕ್ರೀಟು ಒತ್ತಡವನ್ನು. ಚಪ್ಪಡಿಯು ತೊಲೆಯ ಮೇಲೆ ಸುಮ್ಮನೆ ಕುಳಿತಿದ್ದರೆ, ಭಾರ ಬಿದ್ದಾಗ ಎರಡೂ ಪರಸ್ಪರ ಜಾರುತ್ತಾ ಬೇರೆ ಬೇರೆಯಾಗಿ ಬಾಗುತ್ತವೆ. ತೊಲೆಯ ಮೇಲ್ಮೈಗೆ ಸ್ಟಡ್ ಎಂಬ ಉಕ್ಕಿನ ಗೂಟಗಳನ್ನು ಬೆಸೆದು ಅವುಗಳ ಮೇಲೆ ಕಾಂಕ್ರೀಟು ಸುರಿದರೆ ಎರಡೂ ಒಂದಾಗಿ ದುಡಿಯುತ್ತವೆ. ಕಡಿಮೆ ಉಕ್ಕಿನಲ್ಲಿ, ನಡುವೆ ಕಂಬಗಳಿಲ್ಲದ ವಿಶಾಲ ಕೋಣೆಗಳು ಸಾಧ್ಯವಾದದ್ದು ಹೀಗೆ.

ಆದರೆ ಬೆಂಕಿ ಬಿದ್ದರೆ? ಒಂದೇ ತೊಲೆಯನ್ನು ಕುಲುಮೆಯಲ್ಲಿ ಕಾಯಿಸಿ ನೋಡುವುದೇ ಬಹುಕಾಲದ ಪರೀಕ್ಷಾ ವಿಧಾನವಾಗಿತ್ತು. 1990ರ ಜೂನ್‌ನಲ್ಲಿ ಲಂಡನ್ನಿನ ಬ್ರಾಡ್‌ಗೇಟ್‌ನಲ್ಲಿ, ನಿರ್ಮಾಣ ಹಂತದಲ್ಲಿದ್ದ 14 ಮಹಡಿಗಳ ಕಟ್ಟಡಕ್ಕೆ ಬೆಂಕಿ ಬಿತ್ತು. ಉಕ್ಕಿಗೆ ಅಗ್ನಿರಕ್ಷಣೆಯ ಲೇಪ ಇನ್ನೂ ಪೂರ್ಣಗೊಂಡಿರಲಿಲ್ಲ. ಜ್ವಾಲೆಯ ತಾಪ 1000 ಡಿಗ್ರಿ ಸೆಲ್ಸಿಯಸ್ ದಾಟಿತು. ತೊಲೆಗಳು ಬಾಗಿದವು, ಆದರೆ ಕಟ್ಟಡ ಬೀಳಲಿಲ್ಲ.

ಇದರ ಗುಟ್ಟನ್ನು ತಿಳಿಯಲು ಇಂಗ್ಲೆಂಡಿನ ಕಾರ್ಡಿಂಗ್ಟನ್‌ನಲ್ಲಿ, ಹಿಂದೆ ವಾಯುನೌಕೆಗಳನ್ನು ಇರಿಸುತ್ತಿದ್ದ ಬೃಹತ್ ಷೆಡ್ಡಿನೊಳಗೆ, 8 ಮಹಡಿಗಳ ಕಟ್ಟಡವನ್ನೇ ಎಬ್ಬಿಸಿ 1995-96ರಲ್ಲಿ ಸುಟ್ಟು ನೋಡಲಾಯಿತು. ಲೇಪವಿಲ್ಲದ ತೊಲೆಗಳು ಮೆತ್ತಗಾಗಿ ಜೋತುಬಿದ್ದವು. ಆಗ ಕಾಂಕ್ರೀಟು ಚಪ್ಪಡಿ ತನ್ನೊಳಗಿನ ಸರಳುಗಳ ಬಲದಿಂದ ಚಾಚಿ ಹಿಡಿದ ಕಂಬಳಿಯಂತೆ ಭಾರವನ್ನು ಹೊತ್ತಿತು. ಕೆಲವು ತೊಲೆಗಳಿಗೆ ಲೇಪವೇ ಬೇಡವೆಂಬ ವಿನ್ಯಾಸಗಳಿಗೆ ಇದು ದಾರಿಮಾಡಿತು.

ಇಷ್ಟಕ್ಕೇ ನಾವು ನಿಶ್ಚಿಂತರಾಗುವಂತಿಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ 47 ಮಹಡಿಗಳ 7 ವರ್ಲ್ಡ್ ಟ್ರೇಡ್ ಸೆಂಟರ್‌ಗೆ ವಿಮಾನ ಬಡಿದಿರಲಿಲ್ಲ. ಪಕ್ಕದ ಗೋಪುರದ ಅವಶೇಷಗಳಿಂದ ಹತ್ತಿದ ಬೆಂಕಿ ಆರಿಸುವವರಿಲ್ಲದೆ ಸುಮಾರು ಏಳು ಗಂಟೆ ಉರಿಯಿತು. ನೀರಿನ ಮುಖ್ಯ ಕೊಳವೆ ಒಡೆದದ್ದರಿಂದ ಕೆಳಮಹಡಿಗಳ ಸ್ಪ್ರಿಂಕ್ಲರುಗಳಿಗೆ ನೀರಿರಲಿಲ್ಲ. ಸಂಜೆ ಕಟ್ಟಡ ಕುಸಿಯಿತು. ಜನರನ್ನು ಮೊದಲೇ ಹೊರಗೆ ಕಳುಹಿಸಿದ್ದರಿಂದ ಜೀವಗಳು ಉಳಿದವು. 2008ರಲ್ಲಿ ಅಮೆರಿಕದ ಸರಕಾರಿ ಸಂಸ್ಥೆ ನಿಸ್ಟ್ ನೀಡಿದ ವರದಿಯ ಪ್ರಕಾರ, ಉದ್ದನೆಯ ತೊಲೆಗಳು ಕಾದು ಹಿಗ್ಗಿದವು, ಸ್ಟಡ್‌ಗಳು ಮುರಿದವು, ಹಿಗ್ಗಿದ ತೊಲೆಗಳು ಒಂದು ಪ್ರಧಾನ ತೊಲೆಯನ್ನು ಅದರ ಆಸರೆಯಿಂದಲೇ ಆಚೆಗೆ ತಳ್ಳಿದವು. ಇಲ್ಲಿ ಉಕ್ಕಿಗೆ ಲೇಪವಿತ್ತು.

ಬ್ರಾಡ್‌ಗೇಟ್‌ನಲ್ಲೂ ನ್ಯೂಯಾರ್ಕಿನಲ್ಲೂ ಇದ್ದದ್ದು ಅದೇ ಉಕ್ಕು, ಅದೇ ಕಾಂಕ್ರೀಟು. ಒಂದು ಕಡೆ ಒಗ್ಗಟ್ಟು ಉಳಿಯಿತು, ಇನ್ನೊಂದು ಕಡೆ ಕೊಂಡಿ ಕಳಚಿತು. ಆದುದರಿಂದ ತೊಲೆ ಎಷ್ಟು ಗಟ್ಟಿ ಎಂದಷ್ಟೇ ಕೇಳಿದರೆ ಸಾಲದು. ಅದು ಯಾವುದಕ್ಕೆ, ಹೇಗೆ ಜೋಡಿಸಲ್ಪಟ್ಟಿದೆ ಎಂದೂ ಕೇಳಬೇಕು. ಆ ಪ್ರಶ್ನೆಯನ್ನು ಕಟ್ಟಡ ಏಳುವ ಮೊದಲೇ ಕೇಳಬೇಕು.