ಶಾಂತ ಸ್ವಭಾವದ ಹುಡುಗ

ನಮ್ಮ ಕಡೆ ಯಾರಾದರೂ ಸ್ವಲ್ಪ ತಿಕ್ಕಲು ತಿಕ್ಕಲಾಗಿ ಮಾತಾಡಿದರೆ "ಇವನ್ನ ಧಾರವಾಡಕ್ಕೆ ಕಳಿಸ್ಬೇಕು" ಅಂತ ಚೇಷ್ಟೆ ಮಾಡುವುದುಂಟು. ಹೆಗ್ಗರಣೆಯಿಂದ ಧಾರವಾಡ ನೂರು ಕಿಲೋಮೀಟರಿಗೂ ದೂರ. ನಾನು ಸಣ್ಣವನಿದ್ದಾಗ ಧಾರವಾಡ ಅಂದರೆ ಪೇಢೆಯೂ ಅಲ್ಲ, ವಿಶ್ವವಿದ್ಯಾಲಯವೂ ಅಲ್ಲ. ಅದೊಂದೇ ಆಸ್ಪತ್ರೆ.

ಯಾಕೆ ಧಾರವಾಡವೇ ಅಂತ ಬಹಳ ವರ್ಷ ನಾನು ಕೇಳಿಕೊಂಡಿರಲಿಲ್ಲ. ಈಗ ಡಿಮ್ಹಾನ್ಸ್ ಅನ್ನುತ್ತಾರಲ್ಲ, ಅದರ ಮೂಲ 1845ರಲ್ಲಿ ಬ್ರಿಟಿಷರು ಶುರುಮಾಡಿದ ಹುಚ್ಚಾಸ್ಪತ್ರೆ. ಅದೇ 1845ರಲ್ಲಿ ಕಲೆಕ್ಟರ್ ಲಶಿಂಗ್ಟನ್ ಸಾಹೇಬರು ನಮ್ಮೂರ ಪಕ್ಕದ ಉಂಚಳ್ಳಿ ಜಲಪಾತವನ್ನು 'ಕಂಡುಹಿಡಿದರು'. ಕಿವಿ ಕೆಪ್ಪಾಗುವ ಹಾಗೆ ಭೋರ್ಗರೆಯುವ ಅದನ್ನು ಕೆಪ್ಪ ಜೋಗ ಅಂತ ಕರೆಯುತ್ತಿದ್ದ ಊರವರಿಗೆ ಅದು ಅಲ್ಲಿದೆ ಅಂತ ಗೊತ್ತಿರಲಿಲ್ಲವೇನೋ! ಇರಲಿ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯ ಸೇರುವವರೆಗೂ ಅಲ್ಲೇ ಇತ್ತು. ಕಾಲೇಜು ಓದಲಿಕ್ಕೆ ಹೇಗೆ ಘಟ್ಟದ ಮೇಲಿನವರು ಧಾರವಾಡದ ದಾರಿ ಹಿಡಿದರೋ, ತಲೆ ಕೆಟ್ಟವರನ್ನು ಕರೆದೊಯ್ಯುವ ದಾರಿಯೂ ಅದೇ ಆಯಿತು.

ಅದು ದೊಡ್ಡವರ ಮಾತು. ಮಕ್ಕಳಿಗೆ? ಮಕ್ಕಳ ಮನಸ್ಸಿಗೆ ಕಾಯಿಲೆ ಬರುತ್ತದೆ ಅನ್ನುವುದಕ್ಕೆ ನಮ್ಮಲ್ಲಿ ಶಬ್ದವೇ ಇರಲಿಲ್ಲ. ಮಗು ರಾತ್ರಿ ಬೆಚ್ಚಿಬಿದ್ದರೆ 'ಹೆದರಿದ್ದು'. ಊಟ ಬಿಟ್ಟರೆ 'ದೃಷ್ಟಿ'. ಹೆದರಿದ್ದಕ್ಕೆ ನೂಲು ಕಟ್ಟಿಸುವುದು, ದೃಷ್ಟಿಗೆ ಮೆಣಸಿನಕಾಯಿ ನಿವಾಳಿಸುವುದು. ಇದನ್ನು ನಗಾಡಲಿಕ್ಕೆ ಹೇಳುತ್ತಿಲ್ಲ. ನೂಲು ಕಟ್ಟುವ ನೆಪದಲ್ಲಾದರೂ ಒಬ್ಬರು ಹಿರಿಯರು ಆ ಮಗುವನ್ನು ಎದುರಿಗೆ ಕೂರಿಸಿಕೊಂಡು "ಎಂತ ಆತೋ?" ಅಂತ ಕೇಳುತ್ತಿದ್ದರು. ನಮ್ಮ ಶಾಲೆಗಳಲ್ಲಿ ಅಷ್ಟೂ ಇರಲಿಲ್ಲ.

ನಾನು ಎಂಬತ್ತರ ದಶಕದಲ್ಲಿ ಕನ್ನಡ ಶಾಲೆಯ ಮಾಸ್ತರನಾಗಿ ಸೇರಿದವನು. ಶಾಲೆಯ ಹೆಸರು ಬೇಡ. ಎರಡು ಕೋಣೆ, ನಾಲ್ಕು ತರಗತಿ. ನಾಲ್ಕನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ಗಲಾಟೆಯಿಲ್ಲ, ಕಂಪ್ಲೇಂಟಿಲ್ಲ, ಕರೆದರೆ ಬರುತ್ತಿದ್ದ, ಕೂರು ಅಂದರೆ ಕೂರುತ್ತಿದ್ದ. ಉಳಿದ ಹುಡುಗರನ್ನು ಸುಮ್ಮನಿರಿಸುವುದರಲ್ಲೇ ನನ್ನ ಗಂಟಲು ಹರಿದುಹೋಗುತ್ತಿದ್ದಾಗ ಇಂಥ ಹುಡುಗ ಒಬ್ಬ ಇದ್ದನಲ್ಲ ಅಂತ ನನಗೆ ಸಮಾಧಾನ. ಪ್ರಗತಿ ಪತ್ರದಲ್ಲಿ ಅವನ ಗುಣನಡತೆಯ ಎದುರಿಗೆ ನಾನು ಬರೆದದ್ದು: ಶಾಂತ ಸ್ವಭಾವ, ಉತ್ತಮ. ಮೂರು ವರ್ಷದ ನಂತರ, ಏಳನೆಯದನ್ನು ಅರ್ಧಕ್ಕೇ ಬಿಟ್ಟು ಅವನು ಹುಬ್ಬಳ್ಳಿಯ ಯಾವುದೋ ಹೋಟೆಲಿಗೆ ಹೋದ ಅಂತ ಸುದ್ದಿ ಬಂತು. ಅವನ ತಾಯಿ ವರ್ಷಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಯೇ ಇರುತ್ತಿದ್ದರು, ಅಪ್ಪನ ಸಿಟ್ಟಿಗೆ ಹೆದರಿ ಹುಡುಗ ರಾತ್ರಿ ಅಡಿಕೆ ಅಟ್ಟದ ಮೇಲೆ ಮಲಗುತ್ತಿದ್ದ ಅನ್ನುವುದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಅವನ ಮನೆ ಶಾಲೆಯಿಂದ ಒಂದು ಮೈಲಿಯೂ ಇರಲಿಲ್ಲ.

ಬಹಳ ವರ್ಷದ ಮೇಲೆ, ಮಕ್ಕಳ ಮನೋವಿಜ್ಞಾನದ ಚರಿತ್ರೆ ಓದುವಾಗ ವಿಕ್‌ಮನ್ ಅನ್ನುವವನ ಹೆಸರು ಸಿಕ್ಕಿತು. ಅಮೆರಿಕದವನು. 1928ರಲ್ಲಿ ಅವನದೊಂದು ಅಧ್ಯಯನ ಪ್ರಕಟವಾಯಿತು. ಮಕ್ಕಳ ನಡವಳಿಕೆಯ ಒಂದು ಪಟ್ಟಿ ಕೊಟ್ಟು, ಇವುಗಳಲ್ಲಿ ಯಾವುದು ಗಂಭೀರ ಅಂತ ಮಾಸ್ತರುಗಳನ್ನು ಕೇಳಿದ. ಕಳ್ಳತನ, ಉದ್ಧಟತನ, ಹೇಳಿದ್ದು ಕೇಳದಿರುವುದು ಇವೆಲ್ಲ ಮೇಲೆ ಬಂದವು. ನಾಚಿಕೆ, ಮುದುಡಿ ಕೂರುವುದು ಎಲ್ಲೋ ತಳದಲ್ಲಿ. ಅದೇ ಪಟ್ಟಿಯನ್ನು ಮಕ್ಕಳ ಮನೋವೈದ್ಯದವರಿಗೆ ಕೊಟ್ಟರೆ, ಯಾರ ಜೊತೆಯೂ ಸೇರದಿರುವುದು, ಹೆದರಿಕೆ, ಸದಾ ಸಪ್ಪಗಿರುವುದು ಇವೇ ಮೇಲಕ್ಕೆ ಬಂದವು. ಮಾಸ್ತರುಗಳಿಗೆ ಈಗಿನ ತೊಂದರೆ ನೋಡಿ ಹೇಳಿ ಅಂದಿದ್ದರು, ಅವರಿಗೆ ಮಗುವಿನ ಮುಂದಿನ ಬದುಕು ನೋಡಿ ಹೇಳಿ ಅಂದಿದ್ದರು, ಹಾಗಾಗಿ ಹೋಲಿಕೆಯೇ ಸರಿಯಿಲ್ಲ ಅಂತ ಆಮೇಲೆ ಟೀಕೆ ಬಂತು. ಟೀಕೆ ನ್ಯಾಯವಾದದ್ದೇ. ಆದರೂ ನನಗೆ ತಪ್ಪಿಸಿಕೊಳ್ಳಲಿಕ್ಕೆ ಆಗಲಿಲ್ಲ. ನಾನು ಹುಟ್ಟುವ ಮೊದಲೇ ನನ್ನ ಪ್ರಗತಿ ಪತ್ರದ ಬಗ್ಗೆ ಯಾರೋ ಬರೆದಿಟ್ಟ ಹಾಗಿತ್ತು.

ನಮ್ಮ ದೇಶದಲ್ಲಿ ಮಕ್ಕಳಿಗೆಂದೇ ಇಂಥ ಚಿಕಿತ್ಸಾಲಯ ಮೊದಲು ಆದದ್ದು 1937ರಲ್ಲಿ, ಮುಂಬಯಿಯ ಟಾಟಾ ಸಂಸ್ಥೆಯಲ್ಲಿ. ಕರ್ನಾಟಕದ ಕಥೆ ಬೆಂಗಳೂರಿನದು. ಅಲ್ಲಿನ 'ಹುಚ್ಚಾಸ್ಪತ್ರೆ' 1925ರಲ್ಲಿ 'ಮಾನಸಿಕ ಆಸ್ಪತ್ರೆ' ಅಂತ ಹೆಸರು ಬದಲಿಸಿಕೊಂಡಿತು, 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಇಷ್ಟು ಎಲ್ಲರಿಗೂ ಗೊತ್ತಿರುವ ಚರಿತ್ರೆ. ನನಗೆ ಹೆಚ್ಚು ರುಚಿಸಿದ್ದು ಆಸ್ಪತ್ರೆ ತನ್ನ ಗೋಡೆ ದಾಟಿ ಹೊರಗೆ ಬಂದ ಕಥೆ. ಆರ್. ಎಲ್. ಕಪೂರ್ ಅನ್ನುವ ಮನೋವೈದ್ಯರು ಕಾರ್‌ಸ್ಟೇರ್ಸ್ ಜೊತೆ ಸೇರಿ ನಮ್ಮ ಕರಾವಳಿಯ ಕೋಟದಲ್ಲಿ, ಹೌದು, ಕಾರಂತರ ಕೋಟದಲ್ಲೇ, ಬ್ರಾಹ್ಮಣ, ಬಂಟ, ಮೊಗೇರ ಮನೆಗಳಲ್ಲಿ ಅಧ್ಯಯನ ಮಾಡಿದರು. ಪುಸ್ತಕ 1976ರಲ್ಲಿ ಬಂತು. ಹಳ್ಳಿಯಲ್ಲಿ ಏನಿದೆ, ಸುಖವಾಗಿರುತ್ತಾರೆ ಅನ್ನುವ ಪೇಟೆಯವರ ನಂಬಿಕೆ ಅಲ್ಲಿಗೆ ಮುಗಿಯಬೇಕಿತ್ತು. ಅದೇ ಕಪೂರರು ನಿಮ್ಹಾನ್ಸಿನಲ್ಲಿ ಸಮುದಾಯ ಮನೋವೈದ್ಯದ ಕೆಲಸ ಕಟ್ಟಿದರು. ಸಕಲವಾರದಲ್ಲಿ ಹಳ್ಳಿಯ ಕೇಂದ್ರ ಆಯಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ನೋಡಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಶಾಲೆಯ ಬಾಗಿಲು ತಟ್ಟಿದವರು ಮಾಳವಿಕಾ ಕಪೂರ್. ನಿಮ್ಹಾನ್ಸಿನ ಮನೋವಿಜ್ಞಾನಿ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೇ ಅವರೂ ಅವರ ಸಹೋದ್ಯೋಗಿಗಳೂ ಬೆಂಗಳೂರಿನ ಶಾಲಾ ಶಿಕ್ಷಕರಿಗೆ ಮಕ್ಕಳ ಭಾವನಾತ್ಮಕ ತೊಂದರೆಗಳ ಬಗ್ಗೆ ತರಬೇತಿ ನಡೆಸುತ್ತಿದ್ದರು. ಲೆಕ್ಕ ಸರಳ. ಇಡೀ ದೇಶದಲ್ಲಿ ಮಕ್ಕಳ ಮನೋವೈದ್ಯರು ಬೆರಳೆಣಿಕೆ, ಮಾಸ್ತರುಗಳು ಲಕ್ಷಗಟ್ಟಲೆ, ಮಗು ದಿನಕ್ಕೆ ಐದಾರು ತಾಸು ಇರುವುದು ಅವರ ಕಣ್ಣೆದುರೇ. ಅವರನ್ನು ಡಾಕ್ಟರು ಮಾಡುವುದಲ್ಲ, ನೋಡಲು ಕಲಿಸುವುದು. ಭಾರತದ ಶಾಲೆಗಳ ಮಾನಸಿಕ ಆರೋಗ್ಯದ ಬಗ್ಗೆ ಅವರ ಪುಸ್ತಕ 1997ರಲ್ಲಿ ಬಂತು. ನಾನು ನೌಕರಿಗೆ ಸೇರುವಾಗ ಬೆಂಗಳೂರಿನಲ್ಲಿ ಇದು ನಡೆಯುತ್ತಿತ್ತು ಅಂತ ಈಗ ನೆನೆದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಅದು ಕಾಡು ದಾಟಿ ನಮ್ಮ ಎರಡು ಕೋಣೆಯ ಶಾಲೆಗೆ ಬರಲಿಲ್ಲ. ನಾವು ಪಡೆದ ತರಬೇತಿಯಲ್ಲಿ ಪಾಠ ಟಿಪ್ಪಣಿ ಬರೆಯುವುದು ಇತ್ತು, ದಾಖಲಾತಿ ಇತ್ತು, ಜನಗಣತಿ ಇತ್ತು.

ಈಗ ಇನ್ನೊಂದು ಕಥೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಊರಿನಲ್ಲಿ 1957ರಲ್ಲಿ ಒಂದು ಶಾಲೆಯಿಂದ ಶುರುವಾದ ಕೆಲಸ. ಅದನ್ನು ಬೆಳೆಸಿದವರು ಎಮೊರಿ ಕೋವೆನ್. ಒಂದು, ಎರಡು, ಮೂರನೆಯ ಇಯತ್ತೆಯಲ್ಲೇ ಕುಗ್ಗುತ್ತಿರುವ ಮಕ್ಕಳನ್ನು ಗುರುತಿಸುವುದು, ದೊಡ್ಡ ಡಾಕ್ಟರು ಬರುವವರೆಗೆ ಕಾಯದೆ, ಸ್ವಲ್ಪ ತರಬೇತಿ ಕೊಟ್ಟ ಊರಿನ ಗೃಹಿಣಿಯರನ್ನೇ ಆ ಮಕ್ಕಳ ಜೊತೆ ಆಡಲು ಮಾತಾಡಲು ಕೂರಿಸುವುದು. ಅಲ್ಲಿ ಮಕ್ಕಳಿಗೆ ಒಂದು ಆಟ ಕೊಟ್ಟಿದ್ದರು. ನಿಮ್ಮ ತರಗತಿ ಒಂದು ನಾಟಕ ಆಡುತ್ತದೆ, ಯಾರಿಗೆ ಯಾವ ಪಾತ್ರ ಅಂತ ನೀವೇ ಹೇಳಿ. ಹನ್ನೊಂದರಿಂದ ಹದಿಮೂರು ವರ್ಷ ಕಳೆದ ಮೇಲೆ ಆ ಊರಿನ ಮನೋರೋಗಿಗಳ ನೋಂದಣಿ ಪುಸ್ತಕ ತೆಗೆದು ನೋಡಿದರು. ಅದರಲ್ಲಿ ಯಾರ ಹೆಸರು ಬಂದೀತು ಅಂತ ಎಲ್ಲಕ್ಕಿಂತ ಚೆನ್ನಾಗಿ ಸೂಚಿಸಿದ್ದು ಮಾಸ್ತರರ ಅಂಕವಲ್ಲ, ಪರೀಕ್ಷೆಯಲ್ಲ. ಮೂರನೆಯ ಇಯತ್ತೆಯ ಮಕ್ಕಳು ಕೆಟ್ಟ ಪಾತ್ರಗಳನ್ನು ಯಾರಿಗೆ ಹಂಚಿದ್ದರೋ ಅದು. 1973ರಲ್ಲಿ ಈ ಫಲಿತಾಂಶ ಅಚ್ಚಾಯಿತು.

ನಮ್ಮ ಸೀಮೆಯಲ್ಲಿ ಪಾತ್ರ ಹಂಚುವುದು ಅಂದರೆ ಯಕ್ಷಗಾನ. ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಸಣ್ಣ ಪ್ರಸಂಗ ಮಾಡಿಸಿದ್ದೆ. ಯಾರು ಯಾವ ವೇಷ ಅಂತ ನೀವೇ ಮಾತಾಡಿಕೊಳ್ಳಿ ಅಂದೆ, ಹುಡುಗರ ಗಲಾಟೆ ತಡೆಯಲಾಗದೆ. ಬಲರಾಮ, ಕೃಷ್ಣ, ಬಣ್ಣದ ವೇಷ, ಹಾಸ್ಯ ಎಲ್ಲ ಹಂಚಿಕೆಯಾಯಿತು. ಶಾಂತ ಸ್ವಭಾವದ ಹುಡುಗನಿಗೆ ಏನೂ ಸಿಗಲಿಲ್ಲ. ಕೊನೆಗೆ ಪರದೆ ಹಿಡಿಯಲಿಕ್ಕೆ ಹೇಳಿ ಅಂದೆ. ಅದಕ್ಕೂ "ಅಂವ ಬ್ಯಾಡ ಮಾಸ್ತರ್ರೇ, ಅಂವ ನಡುವೆ ಸುಮ್ನೆ ಅಳ್ತಾ" ಅಂತ ಒಬ್ಬ ಹೇಳಿದ. ಹಾಗೆಲ್ಲ ಚಾಡಿ ಹೇಳಬಾರದು ಅಂತ ಹೇಳಿದವನಿಗೇ ಗದರಿದೆ. ನಾಲ್ಕನೆಯ ಇಯತ್ತೆಯ ಹುಡುಗ ನನಗೆ ಸುದ್ದಿ ಕೊಟ್ಟಿದ್ದ, ನಾನು ಅದನ್ನು ಚಾಡಿ ಅಂದುಕೊಂಡೆ.

ಹಾಗಂತ ಮಕ್ಕಳ ಪಟ್ಟಿ ಮಾಡಿಬಿಡಿ ಅಂತ ನಾನು ಹೇಳುವುದಿಲ್ಲ. ಅದರಲ್ಲೂ ಒಂದು ಚರಿತ್ರೆ ಇದೆ, ಅದು ಹೆದರಿಕೆ ಹುಟ್ಟಿಸುವಂಥದ್ದು. ಅಮೆರಿಕದ ಕೇಂಬ್ರಿಜ್, ಸಾಮರ್‌ವಿಲ್ ಎಂಬ ಅಕ್ಕಪಕ್ಕದ ಊರುಗಳಲ್ಲಿ 1939ರಿಂದ 1945ರವರೆಗೆ 'ದಾರಿ ತಪ್ಪಬಹುದಾದ' ಹುಡುಗರಿಗೆ ಸಲಹೆಗಾರರನ್ನು ಕೊಟ್ಟು, ಪಾಠ ಹೇಳಿಸಿ, ಬೇಸಿಗೆ ಶಿಬಿರಕ್ಕೆ ಕಳಿಸಿ ನೋಡಿಕೊಂಡರು. ಅಂಥದ್ದೇ ಇನ್ನೊಂದು ಗುಂಪಿಗೆ ಏನೂ ಕೊಡಲಿಲ್ಲ. ಜೋನ್ ಮೆಕಾರ್ಡ್ ಎಂಬಾಕೆ ಮೂವತ್ತು ವರ್ಷದ ಮೇಲೆ ಅವರನ್ನೆಲ್ಲ ಹುಡುಕಿ 1978ರಲ್ಲಿ ಬರೆದರು. ಸಹಾಯ ಪಡೆದವರ ಸ್ಥಿತಿ ಪಡೆಯದವರಿಗಿಂತ ಕೆಲವು ವಿಷಯಗಳಲ್ಲಿ ಕೆಟ್ಟದ್ದಾಗಿತ್ತು. ಶಿಬಿರಕ್ಕೆ ಮತ್ತೆ ಮತ್ತೆ ಹೋದವರೇ ಹೆಚ್ಚು ಕೆಟ್ಟರು ಅಂತ ಆಮೇಲೆ ಗೊತ್ತಾಯಿತು. ಪೋಲಿಗಳನ್ನು ಒಟ್ಟಿಗೆ ಹಾಕಿದರೆ ಪೋಲಿತನವೇ ಬೆಳೆಯುತ್ತದೆ, ಇದು ಯಾವ ಹಾಸ್ಟೆಲ್ ವಾರ್ಡನ್ನನ್ನು ಕೇಳಿದರೂ ಹೇಳುತ್ತಿದ್ದ. ಅದಕ್ಕೇ ನನಗೆ ಶಾಲೆಯಲ್ಲಿ ಒಂದು ಮಗುವಿಗೆ ಚೀಟಿ ಅಂಟಿಸಿ, ಪ್ರತ್ಯೇಕ ಕೂರಿಸುವ ಯೋಜನೆಗಳ ಮೇಲೆ ಅನುಮಾನ. ನಮ್ಮ ಹಳ್ಳಿಯಲ್ಲಂತೂ ಚೀಟಿ ಮಗುವಿನ ಬೆನ್ನಿಗೆ ಅಂಟಿದ್ದು ಮದುವೆ ಸಂಬಂಧ ನೋಡುವವರೆಗೂ ಹೋಗುತ್ತದೆ.

ಈಗ ಕಾಲ ಬದಲಾಗಿದೆ, ಸುಳ್ಳಲ್ಲ. ನಿಮ್ಹಾನ್ಸಿನ ಶ್ರೀಕಲಾ ಭರತ್, ಕಿಶೋರ್ ಕುಮಾರ್ ಅವರು ಜೀವನ ಕೌಶಲ್ಯದ ಪಾಠಗಳನ್ನು ಶಿಕ್ಷಕರ ಕೈಯಿಂದಲೇ ಹೈಸ್ಕೂಲು ಮಕ್ಕಳಿಗೆ ಮುಟ್ಟಿಸುವ ದಾರಿ ಮಾಡಿದರು. ಸಿ. ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ಓದದ ಮಾಸ್ತರು ಕಡಿಮೆ. ಮಕ್ಕಳನ್ನು ಹೊಡೆಯಬಾರದು, ಮಾನಸಿಕವಾಗಿ ಹಿಂಸಿಸಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿದೆ. 2022ರಿಂದ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಇವುಗಳಲ್ಲಿ ಬಹುಪಾಲು ಹದಿಹರೆಯಕ್ಕೆ, ಎಸ್ಸೆಸ್ಸೆಲ್ಸಿ ಭಯಕ್ಕೆ ಬರೆದವು. ಒಂದರಿಂದ ನಾಲ್ಕರವರೆಗಿನ ಕನ್ನಡ ಶಾಲೆಯ ಹಿಂದಿನ ಸಾಲಿನಲ್ಲಿ ಕೂತ ಮಗು ಫೋನ್ ಮಾಡುವುದಿಲ್ಲ. ನಮ್ಮ ಕಾಡುಕಣಿವೆಯ ಎಷ್ಟೋ ಮನೆಗಳಲ್ಲಿ ಮಳೆಗಾಲದಲ್ಲಿ ಸಿಗ್ನಲ್ಲೂ ಇರುವುದಿಲ್ಲ, ಅದು ಬೇರೆ ಮಾತು.

2024ರ ಶಿರಸಿ ಜಾತ್ರೆಯಲ್ಲಿ ಬಳೆ ಅಂಗಡಿ ಸಾಲಿನ ಹತ್ತಿರ ಒಬ್ಬ "ಮಾಸ್ತರ್ರೇ" ಅಂತ ಕಾಲಿಗೆ ಬಿದ್ದ. ತಲೆ ನರೆತಿದೆ, ಗುರುತು ಸಿಗಲಿಲ್ಲ. ಹೆಸರು ಹೇಳಿದ ಮೇಲೆ ನನ್ನ ಕೈ ತಣ್ಣಗಾಯಿತು. ಹುಬ್ಬಳ್ಳಿಯಲ್ಲಿ ಸ್ವಂತ ಖಾನಾವಳಿ ಇಟ್ಟಿದ್ದಾನಂತೆ. ಚಾ ಕುಡಿಯುತ್ತಾ ನಾನೇ ತೆಗೆದೆ, ಆಗ ನನಗೆ ಏನೂ ತಿಳಿಯಲಿಲ್ಲ ಮಾರಾಯ ಅಂದೆ. ಅವನು ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತಾ ಕೂತ.

"ಶಾಲೆ ಕೆಳಗಿನ ಮನೆ ಅಜ್ಜಿ ನೆನಪುಂಟಾ ನಿಮಗೆ? ಶಾಲೆ ಬಿಟ್ಟ ಮೇಲೆ ದಿನಾ ನನ್ನ ಜಗಲಿಮೇಲೆ ಕೂರಿಸ್ಕಂಡು ಮಜ್ಜಿಗೆ ಕೊಡ್ತಿತ್ತು. ಎಂತನೂ ಕೇಳ್ತಿರ್ಲಿಲ್ಲ. ಅಡಿಕೆ ಸುಲೀತಾ ಅದರಷ್ಟಕ್ಕೆ ಕಥೆ ಹೇಳ್ತಿತ್ತು. ಕತ್ತಲಾದ ಮೇಲೆ ಸೂಡಿ ಹಚ್ಚಿ ಕೊಟ್ಟು ಮನೆಗೆ ಕಳಿಸ್ತಿತ್ತು. ಅದು ಸತ್ತ ವರ್ಷವೇ ನಾನು ಶಾಲೆ ಬಿಟ್ಟದ್ದು."

ಅಜ್ಜಿ ನನಗೆ ನೆನಪಿತ್ತು. ನಾನೂ ಎಷ್ಟೋ ಸಲ ಆ ಜಗಲಿಯಲ್ಲಿ ಕವಳ ಹಾಕಿದ್ದೆ.